ಕಾಣದ ನೋವು ಮತ್ತು ಕಾಯಿದೆಯ ಅಳತೆಗೋಲು

ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳನ್ನು ಶ್ರಾವಕಧರ್ಮವು ವಿಧಿಸಿದೆ. ದುಃಖಿಯ ದುಃಖವು ಕಣ್ಣಿಗೆ ಕಾಣಲೇಬೇಕೆಂಬ ನಿಬಂಧನೆ ಅಲ್ಲಿಲ್ಲ. ಆದರೆ ಸರ್ಕಾರದ ನೆರವಿನ ಚರಿತ್ರೆಯಲ್ಲಿ ಕಾಣುವ ವೈಕಲ್ಯಕ್ಕೆ ಮೊದಲ ಪಂಕ್ತಿಯೂ ಕಾಣದ ವೈಕಲ್ಯಕ್ಕೆ ಕೊನೆಯ ಪಂಕ್ತಿಯೂ ದೊರೆತಿವೆ. ಮನೋರೋಗದಿಂದ ಬಳಲುವ ಮಕ್ಕಳ ಪಾಡು ಇದಕ್ಕೆ ನಿದರ್ಶನ.

1912ರ ಭಾರತೀಯ ಲೂನಸಿ ಕಾಯಿದೆಯು ಮುಖ್ಯವಾಗಿ ಮನೋರೋಗಿಯನ್ನು ಬಂಧನದಲ್ಲಿರಿಸುವ ಕ್ರಮವನ್ನೂ ಆತನ ಆಸ್ತಿಯ ವ್ಯವಸ್ಥೆಯನ್ನೂ ಕುರಿತದ್ದು. 1995ರ ಅಂಗವಿಕಲರ ಅಧಿನಿಯಮವು ಏಳು ವೈಕಲ್ಯಗಳಲ್ಲಿ ಮನೋರೋಗವನ್ನೂ ಎಣಿಸಿತು. ಅದು ಮಹತ್ವದ ಹೆಜ್ಜೆ. ಆದರೂ ಸರ್ಕಾರಿ ಹುದ್ದೆಗಳಲ್ಲಿನ ಶೇಕಡಾ 3ರ ಮೀಸಲಾತಿಯನ್ನು ಅದು ದೃಷ್ಟಿ, ಶ್ರವಣ ಮತ್ತು ಚಲನೆಯ ವೈಕಲ್ಯಗಳಿಗೆ ಮಾತ್ರ ಹಂಚಿತು. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಹಾಗೂ ಬಹುವಿಧ ವೈಕಲ್ಯಗಳಿಗೆ ಆಸರೆಯಾಯಿತು. ಮನೋರೋಗವೊಂದೇ ಇರುವ ಮಗು ಹೊರಗುಳಿಯಿತು. ಆ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆಯೂ ಅದಕ್ಕೆ ದೊರೆಯದಾಯಿತು.

2016ರ ಅಧಿನಿಯಮವು 21 ವೈಕಲ್ಯಗಳನ್ನು ಗುರುತಿಸಿ, ಮೀಸಲಾತಿಯನ್ನು ಶೇಕಡಾ 4ಕ್ಕೆ ಏರಿಸಿ, ಅದರಲ್ಲಿ ಮನೋರೋಗಕ್ಕೂ ಪಾಲು ನೀಡಿತು. 6ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣವೂ ಹಕ್ಕಾಯಿತು. ಆದರೆ ಇವೆರಡಕ್ಕೂ ಶೇಕಡಾ 40ರಷ್ಟು ವೈಕಲ್ಯದ ಪ್ರಮಾಣಪತ್ರ ಬೇಕು. ಮನೋರೋಗವನ್ನು ಅಳೆಯಲು 2018ರ ಮಾರ್ಗಸೂಚಿಯು ಒಪ್ಪಿದ ‘ಐಡಿಯಾಸ್’ ಮಾಪನದಲ್ಲಿ ರೋಗದ ಅವಧಿಗೂ ಅಂಕಗಳುಂಟು. ಎರಡು ವರ್ಷಕ್ಕಿಂತ ಕಡಿಮೆಯಿದ್ದರೆ 1, ಹತ್ತು ವರ್ಷ ಮೀರಿದರೆ 4. ಹನ್ನೆರಡರ ಬಾಲಕನಿಗೆ ಹತ್ತು ವರ್ಷಗಳ ರೋಗಚರಿತ್ರೆ ಎಲ್ಲಿಂದ ಬರಬೇಕು? ಬಾಲ್ಯವೇ ಅವನ ಅಂಕಗಳನ್ನು ಕಡಿಮೆ ಮಾಡುತ್ತದೆ. ವಸ್ತುವನ್ನು ಒಂದೇ ನಯದಿಂದ ನೋಡಿ ನಿರ್ಣಯಿಸುವುದು ಏಕಾಂತವೆಂದು ಅನೇಕಾಂತವು ಎಚ್ಚರಿಸುವುದು ಇಂತಹ ಕಡೆಯೇ.

ದೋಷವು ಕಾಯಿದೆಯದಷ್ಟೇ ಅಲ್ಲ. ಮನೋವೈದ್ಯರಿರುವ ಊರಿಗೆ ಹೋಗಿಬರಲು ಬಡವನಿಗೆ ದಿನಗೂಲಿ ತಪ್ಪುತ್ತದೆ. ಉಳ್ಳವನಿಗೆ ಮಗಳ ಮದುವೆಯ ಮಾತು ಮುರಿದೀತೆಂಬ ಅಂಜಿಕೆ. ಪೂರ್ವಕರ್ಮದ ಫಲವೆಂದು ಹೇಳಿ ನೆರೆಯವರು ದೂರ ನಿಲ್ಲುತ್ತಾರೆ. ಇದು ಕರ್ಮಸಿದ್ಧಾಂತದ ಅಪಾರ್ಥ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ನಿರ್ವಿಚಿಕಿತ್ಸೆಯೂ ಒಂದು. ರೋಗಿಯನ್ನು ಕಂಡು ಹೇಸದಿರುವುದೇ ಅದರ ಸಾರ. ಆಭ್ಯಂತರ ತಪಸ್ಸುಗಳಲ್ಲಿ ವೈಯಾವೃತ್ಯಕ್ಕೂ ಸ್ಥಾನವಿದೆ.

ಬಸದಿಯ ಜೀರ್ಣೋದ್ಧಾರಕ್ಕೆ ನಿಧಿ ಕೂಡಿಸುವ ಟ್ರಸ್ಟುಗಳು ಅದರ ಅಲ್ಪಾಂಶವನ್ನು ಇಂತಹ ಕುಟುಂಬಗಳ ಪ್ರಯಾಣವೆಚ್ಚಕ್ಕೆ ತೆಗೆದಿರಿಸಬಹುದು. ಅರ್ಜಿ ಬರೆದುಕೊಡಲು, ವೈದ್ಯರ ಬಳಿ ಜೊತೆಗೆ ಹೋಗಲು ಒಬ್ಬ ತಿಳಿದವನನ್ನು ನೇಮಿಸಬಹುದು. ಔಷಧದಾನಕ್ಕೆ ಇದು ಹೊರತಲ್ಲ. ತನ್ನ ನೋವನ್ನು ಹೇಳಲಾರದ ಮಗುವಿಗೆ ಇದು ಅಭಯದಾನವೂ ಹೌದು.