ಐದು ನದಿಗಳ ನಾಡು ಬೋರ್‌ವೆಲ್ ನಂಬಿದ ಕಥೆ

ಪಂಜಾಬ್ ಎಂದರೆ ಐದು ನೀರು. ಪರ್ಷಿಯನ್ ಭಾಷೆಯಲ್ಲಿ ‘ಪಂಜ್’ ಐದು, ‘ಆಬ್’ ನೀರು. ಝೇಲಂ, ಚಿನಾಬ್, ರಾವಿ, ಬಿಯಾಸ್, ಸಟ್ಲೆಜ್ ಆ ಐದು ನದಿಗಳು. ಆದರೆ ಇಂದಿನ ಭಾರತದ ಪಂಜಾಬಿನಲ್ಲಿ ಐದೂ ಇಲ್ಲ. ಝೇಲಂ, ಚಿನಾಬ್ ಬಯಲು ಪಾಕಿಸ್ತಾನಕ್ಕೆ ಹೋಯಿತು. ರಾವಿ ಗಡಿಯಂಚಿನಲ್ಲಿದೆ. ಅಮೃತಸರದ ಕಡೆಯದು ಮಾಝಾ, ಬಿಯಾಸ್ ಮತ್ತು ಸಟ್ಲೆಜ್ ನಡುವಿನದು ದೋಆಬಾ, ಸಟ್ಲೆಜ್ ದಾಟಿದರೆ ಮಾಲ್ವಾ. ಮೂರೂ ಸೀಮೆ ಸೇರಿದರೂ ವಿಸ್ತೀರ್ಣ 50,362 ಚದರ ಕಿ.ಮೀ. ಅಂದರೆ ಕರ್ನಾಟಕದ ನಾಲ್ಕನೇ ಒಂದು ಭಾಗ.

1799ರಲ್ಲಿ ರಣಜಿತ್ ಸಿಂಗ್ ಲಾಹೋರ್ ಗೆದ್ದು ಸಿಖ್ ರಾಜ್ಯ ಕಟ್ಟಿದರು. 1849ರಲ್ಲಿ ಅದು ಬ್ರಿಟಿಷರ ಕೈಸೇರಿತು. ಬ್ರಿಟಿಷರು ಪಶ್ಚಿಮದ ಒಣ ಬಯಲಿಗೆ ಕಾಲುವೆ ತೋಡಿಸಿ, ಪೂರ್ವದ ಜಿಲ್ಲೆಗಳ ರೈತರನ್ನು ಕರೆದೊಯ್ದು ಅಲ್ಲಿ ನೆಲೆಗೊಳಿಸಿದರು. ಎರಡು ತಲೆಮಾರು ದುಡಿದು ಆ ಬೀಳು ನೆಲವನ್ನು ಹೊನ್ನು ಬೆಳೆಯುವ ಭೂಮಿ ಮಾಡಿದರು. 1947ರಲ್ಲಿ ದೇಶ ಒಡೆಯಿತು. ಹಿಂದೂ, ಸಿಖ್ ರೈತರು ಅದನ್ನೆಲ್ಲ ಬಿಟ್ಟು ಎತ್ತಿನ ಗಾಡಿ ಹೂಡಿಕೊಂಡು ಈಚೆ ಬಂದರು. ಈ ಕಡೆಯ ಮುಸ್ಲಿಂ ರೈತರೂ ಹಾಗೆಯೇ ಮನೆಮಠ ಬಿಟ್ಟು ಆಚೆ ನಡೆದರು.

ಬಂದವರಿಗೆ ಜಮೀನು ಹಂಚುವುದು ಹೇಗೆ? ಆಚೆ ಬಿಟ್ಟು ಬಂದದ್ದು ಸುಮಾರು 27 ಲಕ್ಷ ಹೆಕ್ಟೇರ್. ಈಚೆ ಖಾಲಿಯಾದದ್ದು 19 ಲಕ್ಷ ಮಾತ್ರ. ತರ್ಲೋಕ್ ಸಿಂಗ್ ಎಂಬ ಅಧಿಕಾರಿ ಇದಕ್ಕೊಂದು ಲೆಕ್ಕ ಹಾಕಿದರು. ಎಲ್ಲರಿಗೂ ಕಡಿತ, ಆದರೆ ದೊಡ್ಡವರಿಗೆ ದೊಡ್ಡ ಕಡಿತ. ಹತ್ತು ಎಕರೆ ಕಳೆದುಕೊಂಡವನಿಗೆ ಏಳೂವರೆ ಎಕರೆ ಸಿಕ್ಕಿತು. ಐನೂರು ಎಕರೆಗೆ ಮೇಲ್ಪಟ್ಟ ಜಮೀನಿಗೆ ಶೇ 95 ಕಡಿತ. ಖುಷ್ಕಿ, ನೀರಾವರಿ ಎರಡನ್ನೂ ಒಂದೇ ಎಕರೆಯೆಂದು ಎಣಿಸಲಿಲ್ಲ, ಇಳುವರಿ ನೋಡಿ ತೂಗಿದರು. ನಮ್ಮ ದೇಶದ ಕಂದಾಯ ಇಲಾಖೆಗಳ ಇತಿಹಾಸದಲ್ಲಿ ಇಷ್ಟು ನ್ಯಾಯವಾದ ಕೆಲಸ ಅಪರೂಪ.

ನಮ್ಮ ರಾಜ್ಯೋತ್ಸವದ ದಿನವೇ, 1966ರ ನವೆಂಬರ್ 1ರಂದು, ಭಾಷೆಯ ಆಧಾರದ ಮೇಲೆ ಹರಿಯಾಣ ಬೇರೆಯಾಯಿತು. ಗುಡ್ಡಗಾಡು ಹಿಮಾಚಲಕ್ಕೆ ಸೇರಿತು. ಚಂಡೀಗಢ ಎರಡೂ ರಾಜ್ಯಗಳಿಗೆ ರಾಜಧಾನಿಯಾಗಿ ಉಳಿಯಿತು. ಅಷ್ಟರಲ್ಲಿ ಭಾಕ್ರಾ ಅಣೆಕಟ್ಟು ಮುಗಿದಿತ್ತು. ಲೂಧಿಯಾನದಲ್ಲಿ ಕೃಷಿ ವಿಶ್ವವಿದ್ಯಾಲಯ ಶುರುವಾಗಿತ್ತು. ಅದೇ ವರ್ಷ ಮೆಕ್ಸಿಕೊದಿಂದ 18,000 ಟನ್ ಗಿಡ್ಡ ತಳಿಯ ಗೋಧಿ ಬೀಜ ದೇಶಕ್ಕೆ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ ಪಂಜಾಬ್ ದೇಶದ ಕಣಜವಾಯಿತು. ಲೂಧಿಯಾನದ ಸೈಕಲ್, ಉಣ್ಣೆ ಬಟ್ಟೆ, ಜಲಂಧರದ ಆಟದ ಸಾಮಾನು ಎಲ್ಲವೂ ಹೆಸರುವಾಸಿಯೇ. ಆದರೂ ಹಳ್ಳಿಯ ಬದುಕು ನಿಂತಿರುವುದು ಗೋಧಿ, ಭತ್ತದ ಮೇಲೆ.

ತೊಡಕು ಇರುವುದು ಭತ್ತದಲ್ಲಿ. ಪಂಜಾಬಿಗಳದು ರೊಟ್ಟಿ ಊಟ. ಆದರೂ ಸರ್ಕಾರ ಬೆಂಬಲ ಬೆಲೆಗೆ ಖಂಡಿತ ಕೊಳ್ಳುವುದು ಗೋಧಿ, ಭತ್ತ ಎರಡನ್ನೇ. ಹಾಗಾಗಿ ಮಳೆ ಕಡಿಮೆ ಇರುವ ಕಡೆಯೂ ಗದ್ದೆಗಳಾದವು. 1997ರಲ್ಲಿ ಪಂಪ್‌ಸೆಟ್‌ಗೆ ಉಚಿತ ವಿದ್ಯುತ್ ಬಂತು. ಈಗ ಸುಮಾರು 14 ಲಕ್ಷ ಬೋರ್‌ವೆಲ್‌ಗಳಿವೆ. ಒಂದು ವರ್ಷದಲ್ಲಿ ತೆಗೆಯಬಹುದಾದ ಅಂತರ್ಜಲದ ಒಂದೂವರೆ ಪಾಲಿಗಿಂತ ಹೆಚ್ಚನ್ನು ಮೇಲೆತ್ತುತ್ತಿದ್ದಾರೆ.

ನೀರು ಉಳಿಸಲೆಂದು 2009ರಲ್ಲಿ ಕಾನೂನು ಮಾಡಿ, ಜೂನ್ 10ಕ್ಕೆ ಮುಂಚೆ ನಾಟಿ ಮಾಡುವಂತಿಲ್ಲ ಎಂದರು. ನಾಟಿ ತಡವಾದರೆ ಕೊಯ್ಲೂ ತಡ. ಗೋಧಿ ಬಿತ್ತನೆಗೆ ಉಳಿಯುವುದು ಎರಡು, ಮೂರು ವಾರ. ಯಂತ್ರ ಕೊಯ್ದು ಬಿಟ್ಟ ಹುಲ್ಲು, ಕೂಳೆ ತೆಗೆಯಲು ಕೂಲಿಯೂ ದುಬಾರಿ, ಸಮಯವೂ ಇಲ್ಲ. ಕಡ್ಡಿ ಗೀರುತ್ತಾರೆ. ದೆಹಲಿಯ ಹೊಗೆಗೆ ಕಾರಣಗಳು ಹಲವಿದ್ದರೂ ಟಿವಿಯವರು ಮೊದಲು ತೋರಿಸುವುದು ಈ ಬೆಂಕಿಯನ್ನೇ.

ಬೇರೆ ಬೆಳೆ ಬೆಳೆಯಿರಿ ಎಂದು ದಶಕಗಳಿಂದ ಸಮಿತಿಗಳು ಹೇಳುತ್ತಲೇ ಇವೆ. ಮೆಕ್ಕೆಜೋಳ, ಹೆಸರು ಹಾಕಿದರೆ ಯಾರು ಕೊಳ್ಳುತ್ತಾರೆ ಎಂದು ರೈತ ಕೇಳುತ್ತಾನೆ. ಭತ್ತಕ್ಕಿರುವಷ್ಟು ಖಾತ್ರಿಯ ಉತ್ತರ ಅದಕ್ಕೆ ಇನ್ನೂ ಸಿಕ್ಕಿಲ್ಲ.