ಹಂದಿ ಕಾಟಕ್ಕೆ ಕೋವಿ: ಸಣ್ಣ ಕೃಷಿಕನ ಕೈಗೆಟುಕುವುದು ಯಾವುದು?

ದೇಲಂಪಾಡಿ, ಬೆಳ್ಳೂರು, ಎಣ್ಮಕಜೆ ಕಡೆಯ ಕೃಷಿಕರಿಗೆ ಕಾಡುಹಂದಿಯ ಉಪಟಳವನ್ನು ವಿವರಿಸಿ ಹೇಳಬೇಕಾಗಿಲ್ಲ. ಮರಗೆಣಸು, ಬಾಳೆ, ತೆಂಗಿನ ಸಸಿ, ಬೈಲಿನ ಭತ್ತ ಯಾವುದನ್ನೂ ಅದು ಬಿಡುವುದಿಲ್ಲ. ಒಂದು ಕೋವಿ ಇದ್ದಿದ್ದರೆ ಎಂದು ಅನಿಸುವುದು ಸಹಜ. ಆದರೆ ಎಂಥ ಕೋವಿ, ಎಷ್ಟು ಖರ್ಚು, ಕಾನೂನು ಏನು ಹೇಳುತ್ತದೆ ಎಂಬುದನ್ನು ತಿಳಿಯದೆ ಮುಂದುವರಿದವರು ಹಣವನ್ನೂ ನೆಮ್ಮದಿಯನ್ನೂ ಕಳೆದುಕೊಳ್ಳುತ್ತಾರೆ.

ಮೊದಲಿಗೆ ಒಂದು ಮಾತು. ಮೋಜಿನ ಬೇಟೆಗೆ ನಮ್ಮ ದೇಶದಲ್ಲಿ ಅವಕಾಶವಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 2022ರ ತಿದ್ದುಪಡಿಯ ಬಳಿಕ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಬೆಳೆಗೆ ಹಾನಿ ಮಾಡುವ ಹಂದಿಯನ್ನು ಕೊಲ್ಲಲು ಅದೇ ಕಾಯಿದೆಯ 11ನೇ ಸೆಕ್ಷನ್ ಪ್ರಕಾರ ಅನುಮತಿ ಬೇಕು. ಕೇರಳ ಸರಕಾರ 2022ರ ಮೇ ತಿಂಗಳಲ್ಲಿ ಈ ಅಧಿಕಾರವನ್ನು ಪಂಚಾಯತು ಅಧ್ಯಕ್ಷರು, ನಗರಸಭಾಧ್ಯಕ್ಷರ ತನಕ ಇಳಿಸಿತು. ಆ ಆದೇಶದ ಅವಧಿಯನ್ನು ಆಮೇಲೆ ವಿಸ್ತರಿಸಲಾಗಿದೆ. ಸದ್ಯದ ಸ್ಥಿತಿಯನ್ನು ಪಂಚಾಯತು ಕಚೇರಿಯಲ್ಲೇ ಕೇಳಿ ತಿಳಿಯುವುದು ಕ್ಷೇಮ. ವಿಷ, ಸ್ಫೋಟಕ, ವಿದ್ಯುತ್ ತಂತಿ ಇವಕ್ಕೆ ಅನುಮತಿಯಿಲ್ಲ. ಕೊಂದ ಹಂದಿಯನ್ನು ಹೂಳಬೇಕು, ಮಾಂಸ ಮಾಡುವಂತಿಲ್ಲ. ಮಂಗ ಮತ್ತು ನವಿಲಿನ ಕಡೆಗಂತೂ ಕೋವಿ ಎತ್ತುವಂತೆಯೇ ಇಲ್ಲ, ಅವೆರಡೂ ಒಂದನೇ ಅನುಸೂಚಿಯಲ್ಲಿವೆ.

ತಾಳವಾಡಿಯ ಕನ್ನಡಿಗರಿಗೆ ಬೇರೆಯೇ ಲೆಕ್ಕ. ತಮಿಳುನಾಡಿನ 2025ರ ಜನವರಿಯ ಆದೇಶದಂತೆ ಕಾಡಿನಂಚಿನಿಂದ 3 ಕಿ.ಮೀ. ಆಚೆಗೆ ಬಂದ ಹಂದಿಯನ್ನು ಹೊಡೆಯುವ ಕೆಲಸ ಅರಣ್ಯ ಸಿಬ್ಬಂದಿಯದು, ರೈತನದಲ್ಲ. ಕೊಡಗಿನವರಿಗಿರುವ ಪರವಾನಗಿ ವಿನಾಯಿತಿಯನ್ನು ಕಂಡು ನಮಗೂ ಅದು ಇದೆ ಎಂದು ಭಾವಿಸುವವರಿದ್ದಾರೆ. ಅದು ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಮಾತ್ರ. 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಲಾಯಿತು. ಕಾಸರಗೋಡಿನವರಿಗೆ ಅದು ಅನ್ವಯಿಸದು.

ಇನ್ನು ಆಯ್ಕೆಯ ವಿಚಾರ. ಕೃಷಿಕನ ಮುಂದೆ ಇರುವುದು ಮೂರು ಬಗೆ: ಕೇಪಿನ ಕೋವಿ, 12 ಬೋರಿನ ತೋಟೆ ಕೋವಿ, ರೈಫಲ್.

ಕೇಪಿನ ಕೋವಿ ಎಲ್ಲಕ್ಕಿಂತ ಅಗ್ಗ. 1959ರ ಶಸ್ತ್ರಾಸ್ತ್ರ ಕಾಯಿದೆಯ 13ನೇ ಸೆಕ್ಷನ್ ಬೆಳೆ ರಕ್ಷಣೆಗೆಂದು ಹೆಸರಿಸುವುದೂ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಈ ಕೋವಿಯನ್ನೇ. ಆದರೆ ನಳಿಗೆಗೆ ಒಂದೇ ಈಡು. ಗುರಿ ತಪ್ಪಿದರೆ ಮತ್ತೆ ತುಂಬುವಷ್ಟರಲ್ಲಿ ಹಂದಿ ಗುಡ್ಡ ದಾಟಿರುತ್ತದೆ. ಗಾಯಗೊಂಡ ಹಂದಿಯಾದರೆ ಮೈಮೇಲೆಯೇ ಬರಬಹುದು. ಜೂನ್‌ನಿಂದ ಸೆಪ್ಟೆಂಬರ್ ತನಕದ ನಮ್ಮ ಮಳೆಯಲ್ಲಿ ಮದ್ದು ತೇವ ಹಿಡಿಯುವುದು ಇನ್ನೊಂದು ರಗಳೆ. ಕೇಪಿನ ಕೋವಿ ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟೆ ಕೋವಿಗೆ ಪರವಾನಗಿ ಕೊಡಬಹುದು ಎಂದು ಅದೇ ಸೆಕ್ಷನ್ನಿನಲ್ಲಿದೆ. ಅರ್ಜಿ ಬರೆಯುವಾಗ ಹಲವರು ಇದನ್ನು ಬಿಟ್ಟುಬಿಡುತ್ತಾರೆ. ಹಾನಿಯ ಫೋಟೋ, ಕೃಷಿ ಭವನದ ಪತ್ರ, ಪಂಚಾಯತಿನ ದೃಢೀಕರಣ ಜತೆಗಿಟ್ಟರೆ ವಾದಕ್ಕೆ ಬಲ ಬರುತ್ತದೆ.

ರೈಫಲಿನ ಆಸೆ ಯುವಕರಲ್ಲಿ ಹೆಚ್ಚು. ಸರಕಾರಿ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್ ಹೆಸರಾದದ್ದೇ. ಆದರೆ ಕೋವಿಯೂ ತೋಟೆಯೂ ದುಬಾರಿ, ಪರವಾನಗಿ ಸಿಗುವುದೂ ಕಷ್ಟ. ಅದಕ್ಕಿಂತ ದೊಡ್ಡ ಮಾತು, ಅದರ ಗುಂಡು ಗುರಿ ತಪ್ಪಿದರೆ ಬಹಳ ದೂರ ಹೋಗುತ್ತದೆ. ಹಿತ್ತಲಿಗೊಂದು ಮನೆ ಇರುವ ಕಾಸರಗೋಡಿನಲ್ಲಿ ರಾತ್ರಿ ಹೊತ್ತು ರೈಫಲ್ ಹಾರಿಸುವುದು ನೆರೆಯವನ ಜೀವದೊಂದಿಗೆ ಆಡುವ ಆಟ. ಸಣ್ಣ ಕೃಷಿಕನಿಗೆ ಇದು ಬೇಡವೇ ಬೇಡ.

ಉಳಿಯುವುದು 12 ಬೋರಿನ ತೋಟೆ ಕೋವಿ. ಒಂದು ಪೌಂಡು ಸೀಸದಿಂದ 12 ಗುಂಡು ಎರಕ ಹೊಯ್ದರೆ ಒಂದೊಂದರ ದಪ್ಪ ಎಷ್ಟೋ ಅಷ್ಟು ನಳಿಗೆಯ ಅಗಲ, ಅಂದರೆ ಸುಮಾರು 18.5 ಮಿಲಿಮೀಟರ್. ಜೋಡು ನಳಿಗೆಯದಕ್ಕೆ ಎರಡನೇ ಈಡಿನ ಅನುಕೂಲವಿದೆ. ಒಂಟಿ ನಳಿಗೆಯದು ಹಗುರ, ಕೆಡುವ ಭಾಗ ಕಡಿಮೆ, ಬೆಲೆಯೂ ಕಡಿಮೆ. ಬಿಹಾರದ ಮುಂಗೇರ್ ಮತ್ತು ಜಮ್ಮುವಿನ ಖಾಸಗಿ ಕಾರ್ಖಾನೆಗಳ ಕೋವಿಗಳು ಬಹುಕಾಲದಿಂದ ಮಾರುಕಟ್ಟೆಯಲ್ಲಿವೆ. ಹಂದಿಗೆ ದಪ್ಪ ಚರೆಯ ಎಲ್.ಜಿ., ಎಸ್.ಜಿ. ತೋಟೆಗಳೇ ಆಗಬೇಕು, ಹಕ್ಕಿಗೆ ಹೊಡೆಯುವ ಸಣ್ಣ ಚರೆಯಿಂದ ಪ್ರಾಣಿ ಸಾಯದೆ ನರಳುತ್ತದೆ. 30-35 ಮೀಟರಿಗಿಂತ ಆಚೆಗೆ ಚರೆ ಚದರಿ ಬಲ ಕಳೆದುಕೊಳ್ಳುತ್ತದೆ. ಮುರಕಲ್ಲಿನ ಪಾರೆಗೆ ಬಿದ್ದ ಚರೆ ಸಿಡಿದು ಹಿಂದಕ್ಕೂ ಬರಬಹುದು ಎಂಬುದು ನೆನಪಿರಲಿ.

ಕೈ ಬಿಗಿ ಇರುವವರಿಗೆ ಹಳೆಯ ಕೋವಿಯೇ ದಾರಿ. ಪರವಾನಗಿ ಪಡೆದ ಅಂಗಡಿಯಿಂದ ಕೊಳ್ಳುವಾಗ ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ತುಕ್ಕಿನ ಗುಳಿ, ಹೊರಗೆ ತಗ್ಗು ಇದೆಯೇ ನೋಡಬೇಕು. ಮಡಚುವ ಕೀಲಿನಲ್ಲಿ ಅಲುಗಾಟ ಇರಬಾರದು. ಹಳೆಯ ಕೆಲವು ಕೋವಿಗಳ ಕೋಣೆ 65 ಮಿ.ಮೀ. ತೋಟೆಗೆ ಮಾತ್ರ ಹೊಂದುತ್ತದೆ, ಅದಕ್ಕೆ 70 ಮಿ.ಮೀ. ತೋಟೆ ಹಾಕುವುದು ಅಪಾಯ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹೆಣೆದು ಮಾಡಿದ ಡಮಾಸ್ಕಸ್ ನಳಿಗೆ ನೋಡಲು ಚಂದ; ಅಟ್ಟದಲ್ಲಿರಲಿ, ಈಗಿನ ತೋಟೆಗೆ ಅದು ತಡೆಯದು. ಕೋವಿಯ ಮೇಲೆ ಕೆತ್ತಿದ ನಂಬ್ರ ಕಾಗದದಲ್ಲಿರುವ ನಂಬ್ರಕ್ಕೆ ತಾಳೆಯಾಗಲೇಬೇಕು.

ಇದಕ್ಕಿಂತಲೂ ಅಗ್ಗದ್ದು ಮನೆಯಲ್ಲೇ ಇರಬಹುದು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿದಾರ ತೀರಿಕೊಂಡರೆ ಮಾತ್ರವಲ್ಲ, ಅವರಿಗೆ 70 ವರ್ಷ ತುಂಬಿದಾಗ ಅಥವಾ ಕೋವಿ ಕೈಯಲ್ಲಿದ್ದು 25 ವರ್ಷ ಆದಾಗಲೂ ವಾರಸುದಾರನ ಹೆಸರಿಗೆ ಅರ್ಜಿ ಹಾಕಬಹುದು. ಅಜ್ಜನ ಕೋವಿಯನ್ನು ಪರವಾನಗಿ ವರ್ಗಾಯಿಸದೆ ಇಟ್ಟುಕೊಂಡು ಕೇಸು ಮೈಮೇಲೆ ಎಳೆದುಕೊಳ್ಳುವ ಬದಲು ಇದನ್ನು ಮಾಡುವುದು ಲೇಸು. ಪರವಾನಗಿಯಿಲ್ಲದ ಕೋವಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷ, ಗರಿಷ್ಠ 5 ವರ್ಷ ಜೈಲು. ನಾಡಕೋವಿ ಕಡಿಮೆಗೆ ಸಿಕ್ಕಿತೆಂದು ಕೊಳ್ಳುವವರು ಈ ಲೆಕ್ಕವನ್ನೂ ಕೂಡಿಸಿ ನೋಡಲಿ.

ಅರ್ಜಿ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ನಮಗೆ ವಿದ್ಯಾನಗರದ ಸಿವಿಲ್ ಸ್ಟೇಷನ್ನಿಗೆ. ಪ್ರಾಯ 21 ಆಗಿರಬೇಕು, ವೈದ್ಯಕೀಯ ಪತ್ರ ಮತ್ತು ಕೋವಿ ಬಳಕೆಯ ತರಬೇತಿ ಪತ್ರ ಬೇಕು, ಪೊಲೀಸ್ ವರದಿ ತರಿಸುತ್ತಾರೆ. ಪರವಾನಗಿಯ ಅವಧಿ 5 ವರ್ಷ. ಸಾಕಷ್ಟು ಆಸ್ತಿ ಇಲ್ಲ ಎಂಬ ಒಂದೇ ಕಾರಣಕ್ಕೆ ಪರವಾನಗಿ ನಿರಾಕರಿಸುವಂತಿಲ್ಲ ಎಂದು ಕಾಯಿದೆಯ 14ನೇ ಸೆಕ್ಷನ್ ಸ್ಪಷ್ಟವಾಗಿ ಹೇಳಿದೆ. ಐದು ಸೆಂಟಿನವನಿಗೂ ಇದು ತಿಳಿದಿರಬೇಕು. ನಿರಾಕರಿಸಿದರೆ 18ನೇ ಸೆಕ್ಷನ್ನಿನಂತೆ ಮೇಲ್ಮನವಿಗೆ ಅವಕಾಶವಿದೆ. ಗಡಿಯ ಆಚೆ ಸುಳ್ಯ, ಪುತ್ತೂರು ಕಡೆಯೂ ತೋಟ ಇರುವವರು ಪರವಾನಗಿಯಲ್ಲಿ ಕರ್ನಾಟಕದ ಆ ಪ್ರದೇಶವೂ ಸೇರಿದೆಯೇ ಎಂದು ನೋಡಿಕೊಳ್ಳದೆ ಕೋವಿ ದಾಟಿಸಬಾರದು.

ಕೋವಿ ಕೊಂಡ ಮೇಲೂ ಅದು ಯಾವಾಗಲೂ ಮನೆಯಲ್ಲಿರುತ್ತದೆ ಎನ್ನುವಂತಿಲ್ಲ. ಚುನಾವಣೆ ಬಂದಾಗ ಠಾಣೆಯಲ್ಲಿ ಒಪ್ಪಿಸಲು ಸೂಚನೆ ಬರುತ್ತದೆ. 2024ರ ಲೋಕಸಭಾ ಚುನಾವಣೆಯ ನೀತಿ ಸಂಹಿತೆ ಮಾರ್ಚ್ 16ರಿಂದ ಜೂನ್ 6ರ ತನಕ ಇತ್ತು. ಹಂದಿಗಳಿಗೆ ನೀತಿ ಸಂಹಿತೆ ಅನ್ವಯಿಸದು. ಬೆಳೆ ರಕ್ಷಣೆಯ ಕಾರಣ ತೋರಿಸಿ ಪರಿಶೀಲನಾ ಸಮಿತಿಗೆ ವಿನಾಯಿತಿ ಕೋರಿ ಮೊದಲೇ ಬರೆದುಕೊಳ್ಳಬಹುದು.

ಅರ್ಧ ಎಕರೆಗೆ ಕೋವಿ ಕೊಳ್ಳಲೇಬೇಕೇ ಎಂದು ಕೇಳಿದರೆ, ಬೇಕಾಗಿಲ್ಲ. ಕೇರಳದ ವ್ಯವಸ್ಥೆಯಲ್ಲಿ ಅನುಮತಿ ಕೇಳುವವನೂ ಕೋವಿ ಹಿಡಿಯುವವನೂ ಒಬ್ಬನೇ ಆಗಬೇಕೆಂದಿಲ್ಲ. ಪಂಚಾಯತಿನಲ್ಲಿ ಪರವಾನಗಿ ಇರುವವರ ಪಟ್ಟಿಯಿದ್ದರೆ, ದೂರು ಬಂದಾಗ ಅವರನ್ನು ಕಳಿಸಬಹುದು. ನಿಮ್ಮ ವಾರ್ಡಿನಲ್ಲಿ ಅಂಥವರು ಯಾರಿದ್ದಾರೆ ಎಂದು ಮೊದಲು ವಿಚಾರಿಸಿ, ಯಾರೂ ಇಲ್ಲದಿದ್ದರೆ ನಾಲ್ಕಾರು ಮನೆಯವರು ಸೇರಿ ತರಬೇತಿ ಪಡೆಯಲು ಸಿದ್ಧನಿರುವ ಒಬ್ಬನಿಂದ ಅರ್ಜಿ ಹಾಕಿಸಿ.