ಬಾಕಿ ಪುಸ್ತಕದ ಆಟಗಳು

ಉಪ್ಪಳದ ನಮ್ಮ ಜಿನಸಿನ ಅಂಗಡಿಯಲ್ಲಿ ಉಪ್ಪ ಒಂದು ಉದ್ದನೆಯ ಸಾಲದ ಪುಸ್ತಕ ಇಟ್ಟಿದ್ದರು. ಯಾರದು ಎಷ್ಟು ಬಾಕಿ ಎಂಬುದೆಲ್ಲ ಅದರಲ್ಲಿ. ಕಳೆದ ವರ್ಷ ನಾನೂ ಒಂದು ಬಾಕಿ ಪಟ್ಟಿ ಬರೆದೆ. ದುಡ್ಡು ಕೊಟ್ಟು ತೆಗೆದುಕೊಂಡು ಮುಗಿಸದೆ ಬಿಟ್ಟ ವಿಡಿಯೋ ಗೇಮ್‌ಗಳ ಪಟ್ಟಿ. ಒಟ್ಟು 94, ಅದರಲ್ಲಿ 61 ಒಮ್ಮೆಯೂ ತೆರೆಯದವು. ಒಂದೊಂದಾಗಿ ಮುಗಿಸಲು ಕೂತಾಗ ಯೋಚನೆ ಬಂತು: ಚಿಕ್ಕವರಿದ್ದಾಗ ಆಟ ಬಾಕಿ ಅಂತ ಇರಲೇ ಇಲ್ಲವಲ್ಲ, ಇದು ಯಾವಾಗ ಶುರುವಾಯಿತು?

ನಮ್ಮಲ್ಲಿ ಹೆಚ್ಚಿನ ಮನೆಗಳಿಗೆ ಟಿ.ವಿ. ಗೇಮ್ ಬಂದದ್ದು ಗಲ್ಫಿನ ಪೆಟ್ಟಿಗೆಯಲ್ಲಿ. ನನ್ನದನ್ನು ತಂದವರು ದುಬೈಯಲ್ಲಿದ್ದ ಮಾಮ. ಜಪಾನಿನ ನಿಂಟೆಂಡೊ ಕಂಪೆನಿ 1983ರ ಜುಲೈಯಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ನಕಲು ಅದು ಎಂದು ಆಗ ನಮಗೆ ಗೊತ್ತಿರಲಿಲ್ಲ. ಕ್ಯಾಸೆಟ್ ಮೇಲೆ 9999 ಆಟ ಎಂದಿತ್ತು. ಒಳಗೆ ಕೆಲವೇ ಆಟಗಳು ಹೆಸರು ಬದಲಿಸಿ ಮತ್ತೆ ಮತ್ತೆ ಬರುತ್ತಿದ್ದವು. 1985ರ ಸೂಪರ್ ಮಾರಿಯೋದಲ್ಲಿ 32 ಹಂತಗಳು. ಅಷ್ಟೂ ಆಟ ಹಿಡಿದದ್ದು 40 ಕಿಲೋಬೈಟ್‌ನಲ್ಲಿ. ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ.

ಎಲ್ಲಿಗೆ ನಿಲ್ಲಿಸಿದೆವೆಂದು ಬರೆದಿಡಲು ಆ ಆಟದಲ್ಲಿ ಜಾಗವಿರಲಿಲ್ಲ. ಯಂತ್ರದ ಕೆಲಸದ ಮೆಮೊರಿ 2 ಕಿಲೋಬೈಟ್. ಕರೆಂಟ್ ಹೋದರೆ ಅದೂ ಖಾಲಿ. ಸಂಜೆಯ ಪವರ್ ಕಟ್ಟಿಗೆ ಏಳನೆಯ ಲೋಕದಲ್ಲಿದ್ದ ಮಾರಿಯೋ ಮತ್ತೆ ಒಂದನೆಯ ಲೋಕಕ್ಕೆ. ಅಳು ಬರುತ್ತಿತ್ತು, ಆದರೆ ಬಾಕಿ ಏನೂ ಉಳಿಯುತ್ತಿರಲಿಲ್ಲ.

ಉಳಿಸುವ ಉಪಾಯ ಅಷ್ಟರಲ್ಲೇ ಹುಟ್ಟಿತ್ತು. 1986ರಲ್ಲಿ ಜಪಾನಿನಲ್ಲಿ ಬಂದ ಡ್ರ್ಯಾಗನ್ ಕ್ವೆಸ್ಟ್ ಆಟ 20 ಅಕ್ಷರಗಳ ಒಂದು ಗುಟ್ಟಿನ ಮಾತು ಕೊಡುತ್ತಿತ್ತು. ಕಾಗದದಲ್ಲಿ ಒಂದು ಅಕ್ಷರ ತಪ್ಪಿ ಬರೆದರೂ ಮುಗಿಯಿತು. ಅದೇ ವರ್ಷದ ಜೆಲ್ಡಾ ಡಿಸ್ಕಿನಲ್ಲಿ ಉಳಿಸುತ್ತಿತ್ತು. 1987ರಲ್ಲಿ ಅದು ಅಮೆರಿಕಕ್ಕೆ ಹೋದಾಗ ಕಾರ್ಟ್ರಿಜ್‌ನೊಳಗೇ ನಾಣ್ಯದಾಕಾರದ ಸೆಲ್ ಕೂರಿಸಿದರು. ಟಿ.ವಿ. ಆರಿದರೂ ಸಣ್ಣ ಮೆಮೊರಿಗೆ ಆ ಸೆಲ್ಲಿನಿಂದ ಕರೆಂಟ್. 1994ರ ಕೊನೆಗೆ ಪ್ಲೇಸ್ಟೇಷನ್ ಬಂತು. ಅದರ ಮೆಮೊರಿ ಕಾರ್ಡ್ 128 ಕಿಲೋಬೈಟ್. ಅಂದರೆ ಬಾಕಿ ಹುಟ್ಟಿದ್ದು ನಮ್ಮ ಸೋಮಾರಿತನದಿಂದ ಮಾತ್ರವಲ್ಲ, 'ನಾಳೆ ಆಡೋಣ' ಎನ್ನಲು ಯಂತ್ರವೇ ಅನುಕೂಲ ಮಾಡಿಕೊಟ್ಟಿತು.

ಜೋರ್ಡಾನ್ ಮೆಕ್ನರ್ 1989ರಲ್ಲಿ ಮಾಡಿದ ಪ್ರಿನ್ಸ್ ಆಫ್ ಪರ್ಶಿಯಾ ಮಾತ್ರ ಸ್ವಲ್ಪ ಬೇರೆ. ತನ್ನ ತಮ್ಮ ಓಡುವುದನ್ನೂ ಹಾರುವುದನ್ನೂ ವಿಡಿಯೋ ತೆಗೆದು, ಅದನ್ನು ನೋಡಿ ರಾಜಕುಮಾರನ ಚಲನೆ ಬರೆದರು. ರಾಜಕುಮಾರನಿಗೆ ಇರುವುದು 60 ನಿಮಿಷ. ಆಟವನ್ನು ಉಳಿಸಬಹುದು, ಆದರೆ ಕಳೆದ ನಿಮಿಷ ವಾಪಸ್ ಬರುವುದಿಲ್ಲ.

ಪಟ್ಟಿ ಉದ್ದವಾದದ್ದು ಆಮೇಲೆ. 2003ರ ಸೆಪ್ಟೆಂಬರ್‌ನಲ್ಲಿ ಸ್ಟೀಮ್ ಶುರುವಾಯಿತು. ಮೊದಲು ಸ್ವಂತ ಆಟಗಳಿಗೆ, ಆಮೇಲೆ ಬೇರೆ ಕಂಪೆನಿಗಳದ್ದಕ್ಕೂ ಅದೇ ಅಂಗಡಿ. ರಿಯಾಯಿತಿ ಬಂದಾಗಲೆಲ್ಲ ನಾನು ತೆಗೆದುಕೊಂಡೆ. ಅಂಗಡಿಯವನ ಮಗನಾಗಿಯೂ ಅಗ್ಗಕ್ಕೆ ಸಿಕ್ಕಿತೆಂದು ಖರ್ಚಾಗದ ಮಾಲು ತುಂಬಿಸಿದೆ. ಉಪ್ಪ ಆ ತಪ್ಪು ಮಾಡುತ್ತಿರಲಿಲ್ಲ.

ಈ ವರ್ಷ ಮಾಮನ ಮಗ ಶಾರ್ಜಾದಿಂದ 30 ದಿನದ ರಜೆಯಲ್ಲಿ ಬಂದ. ಮದುವೆ, ಮನೆ ಕೆಲಸ, ಆಸ್ಪತ್ರೆ, ಎಲ್ಲ ಮುಗಿದು ನಮಗೆ ಸಿಕ್ಕಿದ್ದು ಒಂದು ರಾತ್ರಿ. ನನ್ನ 94ರಲ್ಲಿ ಯಾವುದನ್ನೂ ಅವನು ಕೇಳಲಿಲ್ಲ. ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿ ಕಾಂಟ್ರಾ ಹಾಕಿದೆವು. ಆರನೆಯ ಹಂತದಲ್ಲಿ ಕರೆಂಟ್ ಹೋಯಿತು. ಕತ್ತಲಲ್ಲಿ ಇಬ್ಬರೂ ತುಂಬ ಹೊತ್ತು ನಕ್ಕೆವು. ಮೂರನೆಯ ದಿನ ಅವನ ವಿಮಾನ.

ಉಪ್ಪ ತೀರಿಕೊಳ್ಳುವ ಮುಂಚೆ ಪುಸ್ತಕ ತೆಗೆದು ಕೆಲವು ಹೆಸರುಗಳ ಮೇಲೆ ಗೆರೆ ಎಳೆದಿದ್ದರು. 'ಇವರಿಂದ ಕೇಳಬೇಡ' ಎಂದಿದ್ದರು. ನಾನೂ ಪೆನ್ನು ಹಿಡಿದು 50 ಆಟಗಳಿಗೆ ಗೆರೆ ಎಳೆದೆ. 17 ಮುಗಿದಿವೆ, ಉಳಿದ 27 ನಿಧಾನವಾಗಿ ಆಡುತ್ತೇನೆ.

ಬಾಕಿ ಅರಬಿಯಿಂದ ಬಂದ ಪದ; ಉಳಿದದ್ದು ಎಂದಷ್ಟೇ ಅದರ ಅರ್ಥ. ಕಾಂಟ್ರಾ ನನ್ನ ಪಟ್ಟಿಯಲ್ಲಿಲ್ಲ. ಅದನ್ನು ಅವನು ಮುಂದಿನ ರಜೆಗೆ ಬಂದಾಗ ಮೊದಲಿನಿಂದ ಆಡಬೇಕು.